ಟ್ಯಾಂಕಿನ ಏಳನೆಯ ಮೆಟ್ಟಿಲಲ್ಲಿ ಸಿಕ್ಕ ಕೆಲಸ

ಕಳೆದ ಕಾರ್ತಿಕದ ಮೂರನೆಯ ಸೋಮವಾರ ಬೆಳಗ್ಗೆ ಹತ್ತೂಕಾಲು ಗಂಟೆಗೆ, ನಮ್ಮೂರಿನ ನೀರಿನ ಟ್ಯಾಂಕಿನ ಏಳನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಮಂಜುಳಾ ಎಂಬ ಇಪ್ಪತ್ತಾರು ವರ್ಷದ ಹೆಣ್ಣುಮಗಳು, ಮನೆಯಲ್ಲೇ ಕೂತು ಮಾಡುವ ಕಂಪನಿ ಕೆಲಸವೊಂದಕ್ಕೆ ಆಯ್ಕೆಯಾದಳು. ಏಳನೆಯ ಮೆಟ್ಟಿಲೇ ಏಕೆಂದರೆ, ಅದರ ಕೆಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ, ಅದರ ಮೇಲೆ ಹಿಡಿದುಕೊಳ್ಳಲು ಕಂಬಿ ಇಲ್ಲ. ಇಷ್ಟು ಸುದ್ದಿ. ಈ ಭಾಗದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಆ ಹೊತ್ತಿನಲ್ಲಿ ನಾನೇ ಟ್ಯಾಂಕಿನ ಬುಡದಲ್ಲಿ ನಿಂತು ಮೆಟ್ಟಿಲು ಖಾಲಿಯಾಗಲೆಂದು ಕಾಯುತ್ತಿದ್ದೆ.

ಅನುಮಾನ ಎಂಬ ಮಾತು ಬಂದದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಇಪ್ಪತ್ತೆಂಟು ವರ್ಷ ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಬೇರೆಯವರು ಬರೆದ ಸುದ್ದಿಯನ್ನು ಅನುಮಾನಿಸುವ ಕೆಲಸ ಮಾಡಿ, ನಿವೃತ್ತನಾಗಿ, ಗಡಿಯಾಚೆ ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಈ ಹುಟ್ಟೂರಿಗೆ ಬಂದು ನೆಲೆಸಿದವನು. ಸಂಬಳ ನಿಂತಿತು, ಅನುಮಾನ ನಿಲ್ಲಲಿಲ್ಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರು ಓದುವ ಮೊದಲು ತಾರೀಖಿಗೂ ವಾರಕ್ಕೂ ತಾಳೆ ನೋಡುತ್ತೇನೆ. ಹಾಲು ಉಕ್ಕಿತು ಎಂದು ಹೆಂಡತಿ ಸರೋಜ ಕೂಗಿದರೆ, ಒಲೆಯ ಹತ್ತಿರ ಓಡುವ ಬದಲು ಎಷ್ಟು ಉಕ್ಕಿತು ಎಂದು ಕೇಳುತ್ತೇನೆ. ಊರಿಗೆ ಬಂದ ಮೇಲೆ ಹಳೆಯ ಪತ್ರಿಕೆಗೆ ಆಗೊಮ್ಮೆ ಈಗೊಮ್ಮೆ ಸುದ್ದಿ ಕಳಿಸುತ್ತಿದ್ದೇನೆ. ಇಲ್ಲಿಯ ಸುದ್ದಿ ಎಂದರೆ ಮುಖ್ಯವಾಗಿ ಆನೆ. ಇಪ್ಪತ್ತು ಆನೆ ಬಂದವು ಎಂದು ಯಾರಾದರೂ ಹೇಳಿದರೆ, ಇಬ್ಬರು ಬೇರೆ ಬೇರೆ ನಿಂತು ನೋಡಿದ್ದೇವೆಂದು ಹೇಳಿದಷ್ಟನ್ನೇ ಬರೆಯುವುದು ನನ್ನ ನಿಯಮ. ಹಾಗೆ ಬರೆದಾಗ ಅವು ಸಾಮಾನ್ಯವಾಗಿ ಮೂರಾಗುತ್ತವೆ. ಒಮ್ಮೆ ಜೀರಹಳ್ಳಿಯ ಕಡೆ ಒಂಟಿ ಸಲಗವೊಂದು ಬಾಳೆ ತೋಟಕ್ಕೆ ನುಗ್ಗಿದಾಗ, ನೋಡಿದವರು ಒಬ್ಬರೇ ಆದ್ದರಿಂದ, ‘ಆನೆ ಬಾಳೆ ತಿಂದಿದೆ ಎನ್ನಲಾಗಿದೆ’ ಎಂದು ಬರೆದೆ. ತೋಟದ ಯಜಮಾನರು ಪತ್ರಿಕೆಯನ್ನು ಮಡಿಸಿ ಹಿಡಿದುಕೊಂಡು ಬಸ್ಸಿನಲ್ಲಿ ನಮ್ಮ ಮನೆಗೇ ಬಂದರು. “ಎನ್ನಲಾಗಿದೆಯಾ? ಅಂಗಾರೆ ಬಾಳೆ ತಿಂದದ್ದು ನಾನಾ?” ಎಂದು ಕೇಳಿ, ಕಾಫಿ ಕುಡಿಯದೆ ಹೋದರು. ಇಂದಿಗೂ ಬಸ್ಸಿನಲ್ಲಿ ಸಿಕ್ಕಿದರೆ ಕಿಟಕಿಯ ಕಡೆಗೆ ಮುಖ ತಿರುಗಿಸುತ್ತಾರೆ.

ಇಂಥ ನನ್ನನ್ನು ಊರಿನವರು ‘ಪೇಪ್ರಣ್ಣ’ ಎಂದು ಕರೆಯುತ್ತಾರೆ. ಸರ್ಕಾರದ ಕಾಗದ, ಬ್ಯಾಂಕಿನ ಕಾಗದ ಏನೇ ಬಂದರೂ ನನ್ನ ಮುಂದೆ ಹಿಡಿಯುತ್ತಾರೆ. ಕಾಗದ ತಮಿಳಿನಲ್ಲಿದ್ದರೂ ಸರಿ, ಇಂಗ್ಲಿಷಿನಲ್ಲಿದ್ದರೂ ಸರಿ, ನಾನು ಕನ್ನಡಕ ಹಾಕಿಕೊಂಡು ಒಂದು ಸಲ ‘ಹೂಂ’ ಎಂದರೆ ಅದು ನಿಜವಾದಂತೆ. ಆದ್ದರಿಂದ ಮಂಗಳವಾರ ಮಂಜುಳಾ ತನ್ನ ನೇಮಕದ ಪತ್ರವನ್ನು ತಾಳವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿಕೊಂಡು ನೇರವಾಗಿ ನನ್ನ ಜಗಲಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಜೊತೆಯಲ್ಲಿ ಅವಳ ಗಂಡ ಕುಮಾರ ಇದ್ದ. ಅವನು ಕೋಸು, ಟೊಮೇಟೊ ತುಂಬಿದ ಟೆಂಪೊವನ್ನು ದಿಂಬಂ ಘಾಟಿ ಇಳಿಸಿ ಸತ್ಯಮಂಗಲಕ್ಕೆ ಮುಟ್ಟಿಸುವ ಡ್ರೈವರ್. ಇಪ್ಪತ್ತೇಳು ತಿರುವುಗಳಲ್ಲಿ ಅಲುಗಾಡದ ಮನುಷ್ಯ ಆ ದಿನ ಜಗಲಿಯ ಮೇಲೆ ಕೂರಲಾರದೆ ನಿಲ್ಲಲಾರದೆ ಇದ್ದ.

ಮಂಜುಳಾ ಬಿ.ಕಾಂ. ಓದಿದವಳು. ಮನೆಯ ಮುಂದಿನ ಕೋಣೆಯಲ್ಲಿ ಮೋಟಾರ್ ಹಾಕಿದ ಹೊಲಿಗೆ ಯಂತ್ರ ಒಂದು, ಅಂಚು ಹೊಲಿಯುವ ಓವರ್‌ಲಾಕ್ ಯಂತ್ರ ಒಂದು ಇಟ್ಟುಕೊಂಡಿದ್ದಾಳೆ. ಊರಿನ ಅರ್ಧ ರವಿಕೆಗಳು ಅವಳ ಕೈಯಿಂದ ಬಂದವು; ಉಳಿದರ್ಧ ಅವಳ ಹತ್ತಿರ ಬಾಕಿ ಇರುವಂಥವು. ಎರಡು ಯಂತ್ರಗಳನ್ನೂ ಅವಳು ಮದುವೆಗೆ ಮುಂಚೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದು ಕೊಂಡದ್ದು. ಆ ಮನೆಯಲ್ಲಿ ಅವಳದೇ ಎಂದು ಹೇಳಬಹುದಾದ ವಸ್ತುಗಳು ಅವೆರಡೇ.

ಕೆಲಸ ಬಂದ ಬಗೆ ಹೀಗಿತ್ತು. ಅವಳು ಎಲ್ಲಿಗೂ ಅರ್ಜಿ ಹಾಕಿರಲಿಲ್ಲ. ಕಂಪನಿಯೇ ಅವಳನ್ನು ಹುಡುಕಿಕೊಂಡು ವಾಟ್ಸಾಪಿನಲ್ಲಿ ಬಂತು. ದಿನಕ್ಕೆ ಎರಡು ಗಂಟೆ ಕಂಪ್ಯೂಟರಿನಲ್ಲಿ ಹೆಸರು ವಿಳಾಸ ತುಂಬಿದರೆ, ಕುಮಾರ ಎರಡು ತಿಂಗಳು ಘಾಟಿ ಹತ್ತಿ ಇಳಿದು ತರುವಷ್ಟು ಸಂಬಳ ಒಂದೇ ತಿಂಗಳಿಗೆ. ಸಂದರ್ಶನವೂ ವಾಟ್ಸಾಪಿನಲ್ಲೇ, ಬರೆಹದಲ್ಲೇ ನಡೆಯಿತು. ಅವರ ಮುಖ ಇವಳು ನೋಡಲಿಲ್ಲ, ಇವಳ ದನಿ ಅವರು ಕೇಳಲಿಲ್ಲ. ಕೇಳಿದ ಪ್ರಶ್ನೆಗಳಲ್ಲಿ ಒಂದು, ‘ನೀವು ಪ್ರಾಮಾಣಿಕರೇ?’ ಎಂಬುದು. ಇವಳು ‘ಹೌದು’ ಎಂದು ಬರೆದಳು. ಕೂಡಲೇ ಆಯ್ಕೆಯಾಯಿತು. ಆಧಾರ್ ಕಾರ್ಡಿನ ಫೋಟೊ, ಬ್ಯಾಂಕ್ ಪಾಸ್‌ಪುಸ್ತಕದ ಫೋಟೊ ತರಿಸಿಕೊಂಡರು. ಗುರುತಿನ ಚೀಟಿಗೆಂದು ಸಣ್ಣ ಮೊತ್ತವೊಂದನ್ನು ಕಟ್ಟಿಸಿಕೊಂಡರು. ಇನ್ನು ಉಳಿದದ್ದು ಒಂದೇ: ಕೆಲಸಕ್ಕೆ ಬೇಕಾದ ಲ್ಯಾಪ್‌ಟಾಪನ್ನು ಕಂಪನಿ ಒಪ್ಪಿದ ವ್ಯಾಪಾರಿಯಿಂದಲೇ ಇವಳು ಕೊಳ್ಳಬೇಕು. ಬೆಲೆಯನ್ನು ಮೊದಲ ತಿಂಗಳ ಸಂಬಳದ ಜೊತೆ ವಾಪಸು ಕೊಡುತ್ತಾರೆ. ಗುರುವಾರ ಮೂರು ಗಂಟೆಯೊಳಗೆ ಹಣ ಹೋಗದಿದ್ದರೆ ಕೆಲಸ ಬೇರೆಯವರ ಪಾಲು. ಬೆಲೆ ಎಷ್ಟೆಂದರೆ, ಎರಡೂ ಹೊಲಿಗೆ ಯಂತ್ರ ಮಾರಿದರೆ ಸರಿಯಾಗಿ ಹೊಂದಿಕೊಳ್ಳುವಷ್ಟು. ಜೀರಹಳ್ಳಿಯ ಟೈಲರ್ ಒಬ್ಬರು ಕೊಳ್ಳಲು ಒಪ್ಪಿಯೂ ಆಗಿತ್ತು.

ಇದನ್ನು ಓದುತ್ತಿರುವವರಿಗೆ ಈಗಾಗಲೇ ಅನುಮಾನ ಬಂದಿರಬೇಕು. ನನಗೂ ಬಂತು. ಆದರೆ ಅನುಮಾನ ಬಂದಾಗ ಪರಿಶೀಲಿಸಬೇಕು ಎಂಬುದು ನಮ್ಮ ವೃತ್ತಿಯ ಶಿಸ್ತು, ಮತ್ತು ಈ ಶಿಸ್ತೇ ನನ್ನನ್ನು ಕೆಡಿಸಿತು. ಯಾವ ಸಂಗತಿಯನ್ನೂ ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳದೆ ಅಚ್ಚಿಗೆ ಕೊಡಬಾರದೆಂದು ನಮ್ಮ ಹಿರಿಯರು ಕಲಿಸಿದ್ದರು. ಪತ್ರದ ತಳದಲ್ಲಿ ಎರಡು ಫೋನ್ ನಂಬರುಗಳಿದ್ದವು. ಅರವತ್ತಮೂರನೆಯ ವಯಸ್ಸಿನಲ್ಲಿ, ಮಂಡಿಯನ್ನು ಒಂದೊಂದೇ ಮೆಟ್ಟಿಲಿಗೆ ಒಪ್ಪಿಸುತ್ತಾ, ಏಳನೆಯ ಮೆಟ್ಟಿಲಿಗೆ ಹತ್ತಿದೆ. ಮೊದಲ ನಂಬರಿನಲ್ಲಿ ಒಬ್ಬ ಗಂಡಸು ಬಹಳ ವಿನಯದಿಂದ ಮಾತಾಡಿ, ಮಂಜುಳಾ ಮೇಡಂ ಆಯ್ಕೆಯಾಗಿರುವುದು ನಿಜ ಎಂದ. ಎರಡನೆಯ ನಂಬರಿನಲ್ಲಿ ಒಬ್ಬ ಹೆಂಗಸು ಇನ್ನೂ ಹೆಚ್ಚಿನ ವಿನಯದಿಂದ ಅದನ್ನೇ ಹೇಳಿದಳು. ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಟ ಈಗಲೂ ನನ್ನ ಮುಂದಿದೆ: ‘ಹನ್ನೊಂದು ಹತ್ತು, ಮೊದಲ ಕರೆ, ಹಿನ್ನೆಲೆಯಲ್ಲಿ ಕುಕ್ಕರಿನ ಸಿಳ್ಳೆ. ಹನ್ನೊಂದು ಹದಿನೈದು, ಎರಡನೆಯ ಕರೆ, ಹಿನ್ನೆಲೆಯಲ್ಲಿ ಕುಕ್ಕರಿನ ಸಿಳ್ಳೆ.’ ಇದರಿಂದ ನಾನು ತೆಗೆದ ತೀರ್ಮಾನವನ್ನೂ ಕೆಳಗೆ ಬರೆದಿದ್ದೇನೆ: ‘ಮನೆಯಿಂದಲೇ ಕೆಲಸ ಮಾಡುವ ಕಂಪನಿ ಎಂಬುದು ದೃಢಪಟ್ಟಿದೆ.’

ಲ್ಯಾಪ್‌ಟಾಪನ್ನು ಅವರು ಹೇಳಿದ ಕಡೆಯೇ ಏಕೆ ಕೊಳ್ಳಬೇಕೆಂದೂ ಕೇಳಿದೆ. ಭದ್ರತೆಯ ಕಾರಣಕ್ಕೆ ಎಂದರು. ಭದ್ರತೆ ಎಂಬ ಮಾತಿಗೆ ನಮ್ಮ ಕಡೆ ಎದುರಾಡುವ ರೂಢಿಯಿಲ್ಲ. ಕಾಡಿನ ಗೇಟಿನಲ್ಲಿ ಆ ಮಾತು ಕೇಳಿದ ಕೂಡಲೇ ಗಾಡಿ ನಿಲ್ಲಿಸಿ ಇಂಜಿನ್ ಆರಿಸುತ್ತೇವೆ. ಕೆಳಗಿಳಿದು ಬಂದು, ಆನೆಗೂ ಕೊಡದ ಮಾತನ್ನು ಕುಮಾರನಿಗೆ ಕೊಟ್ಟೆ. ಎರಡು ಮೂಲಗಳಿಂದ ಖಚಿತವಾಗಿದೆ ಎಂದೆ. ಎನ್ನಲಾಗಿದೆ ಎಂದು ಒಂದು ಮಾತು ಸೇರಿಸಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಮನೆಗೆ ಬಂದು ಸರೋಜಳಿಗೆ ವಿಷಯ ತಿಳಿಸಿದೆ. ಅವಳ ಮೂರು ರವಿಕೆ ಬಟ್ಟೆಗಳು ದೀಪಾವಳಿಗೂ ಮೊದಲಿನಿಂದ ಮಂಜುಳಾಳ ಹತ್ತಿರವಿದ್ದವು. ಅದರ ಚಿಂತೆಯಿಂದಲೇ ಮಾತಾಡುತ್ತಿದ್ದಾಳೆ ಎಂದು ನಾನು ಮೊದಲು ತಿಳಿದೆ. ಆದರೆ ಅವಳು ಸಾರಿಗೆ ಒಗ್ಗರಣೆ ಹಾಕುತ್ತಾ, ನನ್ನ ಕಡೆ ನೋಡದೆಯೇ, “ಅಲ್ಲ ಕಣ್ರೀ, ಮನೇಲಿ ಕೂತ್ಕೊಂಡು ಮಾಡೋ ಕೆಲ್ಸ ಅಂತೀರಿ. ಆ ಮನೇಲಿ ಸಿಗ್ನಲ್ಲೇ ಬರಾಕಿಲ್ಲ. ಲ್ಯಾಪ್ಟಾಪ್ ಮಡಿಕ್ಕೊಂಡು ದಿನಾ ಟ್ಯಾಂಕ್ ಅತ್ತಾಳಾ?” ಎಂದು ಕೇಳಿದಳು. ಅದು ತಾಂತ್ರಿಕ ವಿಷಯ, ಕಂಪನಿಯವರು ನೋಡಿಕೊಳ್ಳುತ್ತಾರೆ ಎಂದೆ. ಕಂಪನಿಯವರು ಅದನ್ನು ಕೇಳಿಯೇ ಇಲ್ಲವಲ್ಲ ಎಂದು ಅವಳೆಂದಳು. ಇಪ್ಪತ್ತೆಂಟು ವರ್ಷ ನಾನು ಬೇರೆಯವರ ಸುದ್ದಿಯಲ್ಲಿ ಹುಡುಕಿದ್ದು ಇಂಥ ತೂತನ್ನೇ. ಅಡುಗೆಮನೆಯಿಂದ ಬಂದದ್ದರಿಂದ ಅದನ್ನು ಟಿಪ್ಪಣಿ ಪುಸ್ತಕಕ್ಕೆ ಸೇರಿಸಲಿಲ್ಲ.

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಜೀರಹಳ್ಳಿಯ ಟೈಲರ್ ಗೂಡ್ಸ್ ಆಟೊ ತೆಗೆದುಕೊಂಡು ಬಂದರು. ಓವರ್‌ಲಾಕ್ ಯಂತ್ರವನ್ನು ಆಟೊಗೆ ಏರಿಸಿ ಹಗ್ಗ ಕಟ್ಟಿ ಆಗಿತ್ತು. ಹೊಲಿಗೆ ಯಂತ್ರದ ಮೋಟಾರನ್ನು ಮಂಜುಳಾ ತಾನೇ ಬಿಚ್ಚಿ, ಅದರ ಮೇಲಿದ್ದ ದೂಳನ್ನು ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದಳು. ಸಾಕ್ಷಿಯಾಗಿ ನನ್ನನ್ನೂ ಕರೆಸಿದ್ದರು. ಆ ಹೊತ್ತಿಗೆ ಕುಮಾರನ ತಾಯಿ ಮಾದಮ್ಮ ಬಂದಳು. ಮಗಳ ಬಾಣಂತನಕ್ಕೆಂದು ಹತ್ತು ದಿನದಿಂದ ಹಾಸನೂರಿನಲ್ಲಿದ್ದವಳು ಮಧ್ಯಾಹ್ನದ ಬಸ್ಸಿಗೆ ಇಳಿದು, ಕೈಚೀಲವನ್ನು ಸೊಂಟದ ಮೇಲಿಟ್ಟುಕೊಂಡು, ಆಟೊವನ್ನೊಮ್ಮೆ ಸುತ್ತಿ ಬಂದು, ಏನಿದು ಎಂದು ಕೇಳಿದಳು. ಕುಮಾರ ಎಲ್ಲವನ್ನೂ ಹೇಳಿದ. ಕೊನೆಗೆ, ಪೇಪ್ರಣ್ಣ ಎರಡು ಕಡೆ ವಿಚಾರಿಸಿ ಖಚಿತ ಮಾಡಿದ್ದಾರೆ ಎಂದ. ಮಾದಮ್ಮ ನನ್ನ ಕಡೆ ನೋಡಿದಳು. ಗೌರವದಿಂದಲೇ ನೋಡಿದಳು, ಸ್ವಲ್ಪ ಹೊತ್ತು.

ಮಾದಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕೆಲಸಕ್ಕೆ ಸೇರುವುದರಲ್ಲಿ ಈ ಊರಿನಲ್ಲಿ ಅವಳಷ್ಟು ಅನುಭವ ಯಾರಿಗೂ ಇಲ್ಲ. ನಾನು ಬದುಕಿನಲ್ಲಿ ಸೇರಿದ್ದು ಒಂದೇ ಕೆಲಸಕ್ಕೆ. ಅವಳು ವರ್ಷಕ್ಕೆ ನಾಲ್ಕು ಕಡೆ. ಬೆಟ್ಟದ ಕೆಳಗೆ ಕಬ್ಬು ಕಡಿಯಲು, ಅರಿಸಿನ ಕೀಳಲು, ಗಡಿಯಾಚೆ ಶುಂಠಿಗೆ. ನಮ್ಮ ಕಡೆ ಅದಕ್ಕೊಂದು ಕ್ರಮವಿದೆ. ಆಳುಗಳನ್ನು ಕರೆದೊಯ್ಯುವ ಮೇಸ್ತ್ರಿ ಮನೆಗೆ ಬರುತ್ತಾನೆ, ಎಲೆ ಅಡಿಕೆ ಇಟ್ಟು ಮುಂಗಡವನ್ನು ಆಳಿನ ಕೈಗೆ ಕೊಡುತ್ತಾನೆ. ಮುಂಗಡ ಹಿಡಿದವರು ಆ ಸುಗ್ಗಿ ಮುಗಿಯುವವರೆಗೆ ಅವನನ್ನು ಬಿಟ್ಟು ಬೇರೆ ಕಡೆ ಹೋಗುವಂತಿಲ್ಲ. ಹಿಡಿದವರು ಕಟ್ಟುಬಿದ್ದಂತೆ, ಮಾತು ತಪ್ಪಿದರೆ ಅವರ ಮನೆಯವರನ್ನು ಮುಂದೆ ಯಾರೂ ಕರೆಯುವುದಿಲ್ಲ. ಕುಮಾರ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ, ಮತ್ತು ಅವನ ಲೆಕ್ಕ ತಪ್ಪಿದ್ದೂ ಇಲ್ಲೇ ಎಂದು ಆ ಗಳಿಗೆಯಲ್ಲಿ ತಿಳಿಯಿತು.

“ನಾವು ಮುಂಗ್ಡ ಕೊಟ್ಬುಟ್ರೆ ಕಂಪನಿಯೋರು ನಮ್ಗೆ ಕಟ್ಬಿದ್ದಂಗೆ ಅಲ್ವಾ ಅವ್ವ? ಇಸ್ಕೊಂಡ್ಮೇಲೆ ಎಲ್ಗೋದಾರು?” ಎಂದು ಅವನು ಕೇಳಿದ. ಇಷ್ಟು ವರ್ಷ ಮುಂಗಡ ಈಸಿಕೊಂಡು ಕಟ್ಟುಬಿದ್ದ ಮನೆತನಕ್ಕೆ, ಮುಂಗಡ ಕೊಟ್ಟು ಇನ್ನೊಬ್ಬರನ್ನು ಕಟ್ಟಿಹಾಕುವ ಅವಕಾಶ ಬಂದಿದೆ ಎಂಬ ಹೆಮ್ಮೆ ಅವನ ದನಿಯಲ್ಲಿತ್ತು.

ಮಾದಮ್ಮ ಕೈಚೀಲ ಕೆಳಗಿಟ್ಟಳು. “ಅಂಗಾರೆ ನೀನೇ ಮೇಸ್ತ್ರಿ ಆದೆ ಕಣ್ಲಾ. ಮುಂಗ್ಡ ಕೊಡೋ ಮೇಸ್ತ್ರಿ ಆಳಿನ ಮೊಕ ನೋಡ್ತಾನೆ, ಮನೆ ನೋಡ್ತಾನೆ, ಅಕ್ಕಪಕ್ಕದೋರ್ನ ಕೇಳ್ತಾನೆ. ನೀನು ನಿನ್ ಆಳಿನ ಮೊಕ ಕಂಡಿದ್ದೀಯಾ?”

ಕುಮಾರ ಹೆಂಡತಿಯನ್ನು ನೋಡಿದ. ಮಂಜುಳಾ ನನ್ನನ್ನು ನೋಡಿದಳು. ನಾನು ಹಗ್ಗದ ಗಂಟು ಸರಿಯಾಗಿದೆಯೇ ಎಂದು ನೋಡಿದೆ.

ಮಾದಮ್ಮ ಮುಂದುವರಿದು, ತಾನು ಇಷ್ಟು ಕಡೆ ದುಡಿಯಲು ಹೋಗಿದ್ದೇನೆ, ಕುಡುಗೋಲನ್ನು ನನ್ನ ಅಂಗಡಿಯಲ್ಲೇ ಕೊಂಡುಕೊಂಡು ಬಾ ಎಂದು ಒಬ್ಬ ಮೇಸ್ತ್ರಿಯೂ ಹೇಳಿಲ್ಲ ಎಂದಳು. ಕೆಲವರು ಕುಡುಗೋಲು ಕೊಡುತ್ತಿದ್ದರು, ಕೆಲವರು ಕಂಬಳಿ ಕೊಟ್ಟು ಅದರ ಬೆಲೆಯನ್ನು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. “ಇವ್ರೂ ಅಂಗೇ ಮುರ್ಕೊಳ್ಲಿ. ಮೊದಲ್ನೇ ಸಂಬಳ್ದಲ್ಲಿ ಇಡ್ಕೊಳಿ ಅಂತ ಬರಿಯವ್ವ. ದಿಟ್ವಾದ ಕೆಲ್ಸ ಆದ್ರೆ ಅವ್ರಿಗೇನು ನಷ್ಟ?” ಎಂದು ಸೊಸೆಗೆ ಹೇಳಿದಳು.

ಎರಡೂವರೆಗೆ ನಾವೆಲ್ಲ ಟ್ಯಾಂಕಿನ ಬುಡದಲ್ಲಿ ಸೇರಿದೆವು. ಟೈಲರೂ ಬಂದರು, ತಮ್ಮ ವ್ಯಾಪಾರ ಕುದುರುತ್ತದೋ ಮುರಿಯುತ್ತದೋ ಎಂದು ತಿಳಿಯುವ ಹಕ್ಕು ಅವರಿಗಿತ್ತು. ಮಂಜುಳಾ ಏಳನೆಯ ಮೆಟ್ಟಿಲಲ್ಲಿ ಕೂತು ಅತ್ತೆ ಹೇಳಿದಂತೆ ಬರೆದು, ಬಂದ ಉತ್ತರವನ್ನು ಕೆಳಗಿದ್ದ ನಮಗೆ ಓದಿ ಹೇಳುತ್ತಿದ್ದಳು. ಸಂಬಳದಲ್ಲಿ ಹಿಡಿದುಕೊಳ್ಳುವ ಕ್ರಮ ತಮ್ಮಲ್ಲಿಲ್ಲ ಎಂದು ಮೊದಲ ಉತ್ತರ ಬಂತು. ಹಾಗಾದರೆ ಇಂಥದೇ ಲ್ಯಾಪ್‌ಟಾಪನ್ನು ಚಾಮರಾಜನಗರದ ಅಂಗಡಿಯಲ್ಲಿ ರಸೀದಿ ಸಮೇತ ತಾವೇ ಕೊಳ್ಳುತ್ತೇವೆ ಎಂದು ಬರೆದಳು. ಅದು ಆಗುವುದಿಲ್ಲ, ಇನ್ನು ಇಪ್ಪತ್ತು ನಿಮಿಷ ಮಾತ್ರ ಇದೆ, ನಿಮ್ಮ ಹಿಂದೆ ಬಹಳ ಜನ ಕಾಯುತ್ತಿದ್ದಾರೆ ಎಂದರು. ಇವಳು ಸುಮ್ಮನಿದ್ದಳು. ಐದು ನಿಮಿಷದಲ್ಲಿ, ನಿಮ್ಮ ಕಷ್ಟ ನೋಡಿ ಮೇನೇಜರ್ ಅರ್ಧ ಬೆಲೆಗೆ ಒಪ್ಪಿದ್ದಾರೆ ಎಂದು ಬಂತು. ಈಗ ಕೈಯಲ್ಲಿರುವಷ್ಟು ಕಳಿಸಿ, ಉಳಿದದ್ದು ಆಮೇಲೆ ನೋಡೋಣ ಎಂದು ಇನ್ನೊಂದು ಬಂತು.

“ಸಂತೆ ಎದ್ದೋಗೋ ಒತ್ನಲ್ಲಿ ಸೊಪ್ಪು ಮಾರ್ದಂಗೆ ಕೆಲ್ಸ ಮಾರ್ತಾವ್ನಲ್ಲ ಇವ್ನು” ಎಂದಳು ಮಾದಮ್ಮ.

ಆಗ ಮಂಜುಳಾ, ಯಾರೂ ಹೇಳಿಕೊಡದೆ, ಕೊನೆಯದಾಗಿ ಒಂದು ಸಾಲು ಬರೆದಳು. ಬರೆದದ್ದನ್ನು ನಮಗೆ ಓದಿ ಹೇಳಿದಳು: ‘ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಕೆಲಸ ಮಾಡಲು ಆಗುವುದಿಲ್ಲ, ಪರವಾಗಿಲ್ಲವೇ?’ ಉತ್ತರ ಕೂಡಲೇ ಬಂತು. ಪರವಾಗಿಲ್ಲ ಮೇಡಂ, ಹಣ ಕಳಿಸಿ.

ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಬಂದಳು. ಅಳಲಿಲ್ಲ. ಟೈಲರಿಗೆ, “ಇಳ್ಸ್‌ಬುಡಿ ಅಣ್ಣ, ಮಾರಾಕಿಲ್ಲ” ಎಂದಳು. ಅವರು ಆಟೊ ಬಾಡಿಗೆಯ ಮಾತೆತ್ತಿದರು. ಕುಮಾರ ಟೆಂಪೊದಿಂದ ಒಂದು ಚೀಲ ಕೋಸು ಇಳಿಸಿ ಅವರ ಆಟೊಗೆ ಹಾಕಿದ. ಓವರ್‌ಲಾಕ್ ಯಂತ್ರದ ಜಾಗದಲ್ಲಿ ಕೋಸು ಕೂತು ಜೀರಹಳ್ಳಿಗೆ ಹೋಯಿತು. ಎಲ್ಲರೂ ಚದುರಿದ ಮೇಲೆ ಮಂಜುಳಾ ನನ್ನ ಹತ್ತಿರ ಬಂದು, ಬೇಸರವಿಲ್ಲದ ದನಿಯಲ್ಲಿ, ಕೇಳಬೇಕೋ ಬೇಡವೋ ಎಂಬಂತೆ ಕೇಳಿದಳು: “ನೀವು ಪೋನ್ ಮಾಡುದ್ರಲ್ಲ ಪೇಪ್ರಣ್ಣ, ಆ ಎರಡು ನಂಬ್ರೂ ಅವ್ರು ಕೊಟ್ಟಿದ್ದೇ ಅಲ್ವಾ?”

ಹೌದು ಎಂದೆ. ಅದನ್ನು ಖಚಿತಪಡಿಸಲು ಇನ್ನೊಂದು ಮೂಲ ಬೇಕಾಗಿರಲಿಲ್ಲ.

ಆ ಸಂಜೆ ಮಾಡಬೇಕಾಗಿದ್ದ ಕೆಲಸವನ್ನು ಮಾಡಿದೆ. ಪತ್ರದಲ್ಲಿದ್ದ ಹೆಸರಿನ ಕಂಪನಿ ನಿಜವಾಗಿಯೂ ಇದೆ. ಮತ್ತೆ ಏಳನೆಯ ಮೆಟ್ಟಿಲಿಗೆ ಹತ್ತಿ, ಅದರ ಸ್ವಂತ ವೆಬ್‌ಸೈಟ್ ಹುಡುಕಿ, ಅಲ್ಲಿದ್ದ ನಂಬರಿಗೆ ಕರೆ ಮಾಡಿ ಕೇಳಿದೆ. ಅಂಥ ಕೆಲಸಕ್ಕೆ ತಾವು ಯಾರನ್ನೂ ಕರೆದಿಲ್ಲ, ಕೆಲಸಕ್ಕೆ ಸೇರುವವರಿಂದ ತಾವು ಏನನ್ನೂ ಕೊಳ್ಳಿಸುವುದಿಲ್ಲ, ತಮ್ಮ ಹೆಸರು ಹೇಳಿಕೊಂಡು ಯಾರೋ ಹೀಗೆ ಮಾಡುತ್ತಿರುವುದು ಇದು ಮೊದಲಲ್ಲ ಎಂದರು. ಆ ಕರೆಯ ಹಿನ್ನೆಲೆಯಲ್ಲಿ ಕುಕ್ಕರ್ ಇರಲಿಲ್ಲ. ಗುರುತಿನ ಚೀಟಿಗೆ ಕೊಟ್ಟ ಹಣ ಚಿಕ್ಕದಾದರೂ ಆಧಾರ್, ಪಾಸ್‌ಪುಸ್ತಕದ ಫೋಟೊ ಅವರ ಕೈಯಲ್ಲಿದ್ದದ್ದರಿಂದ, ಶುಕ್ರವಾರ ಬೆಳಗ್ಗೆ ಮಂಜುಳಾ ಮತ್ತು ನಾನು ಮೊದಲು ಬ್ಯಾಂಕಿಗೆ ಹೋಗಿ ತಿಳಿಸಿ, ಆಮೇಲೆ ಪೊಲೀಸ್ ಠಾಣೆಗೆ ಹೋದೆವು.

ಠಾಣೆಯಲ್ಲಿದ್ದವರು ಈರೋಡಿನ ಕಡೆಯ ತರುಣ ಪೊಲೀಸ್ ಒಬ್ಬರು. ತಮಿಳಿನಲ್ಲಿ ಸಾವಧಾನವಾಗಿ ಮಾತಾಡುವವರು. ವಾಟ್ಸಾಪಿನ ಮಾತುಕತೆಯನ್ನು ಕೋಪದಲ್ಲಿ ಅಳಿಸಿಬಿಡಬೇಡಿ, ಅದೇ ಸಾಕ್ಷಿ ಎಂದರು. ಆಧಾರನ್ನು ಲಾಕ್ ಮಾಡುವುದು ಹೇಗೆಂದು ಮಂಜುಳಾಳ ಫೋನಿನಲ್ಲೇ ತೋರಿಸಿಕೊಟ್ಟರು. ಹಣ ಹೋದ ತಕ್ಷಣ ತಿಳಿಸಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು, ಜನ ನಾಚಿಕೆಪಟ್ಟುಕೊಂಡು ತಡಮಾಡುತ್ತಾರೆ ಎಂದೂ ಹೇಳಿದರು. ಎಲ್ಲವನ್ನೂ ನಾನು ಟಿಪ್ಪಣಿ ಮಾಡಿಕೊಂಡೆ. ನಡುವೆ, ಹೆಣ್ಣುಮಗಳ ಜೊತೆ ಬಂದಿರುವ ತಾವು ಯಾರು ಎಂದು ವಿಚಾರಿಸಿದರು. ಪತ್ರಕರ್ತ ಎಂದು ಹೇಳಿ, ನೀಲಿ ಪಟ್ಟಿಯಲ್ಲಿ ನೇತುಹಾಕಿಕೊಳ್ಳುವ ನನ್ನ ಕಾರ್ಡನ್ನು ಜೇಬಿನಿಂದ ತೆಗೆದು ಕೊಟ್ಟೆ.

ಅದು ಹಳೆಯ ಪತ್ರಿಕೆಯ ಕಾರ್ಡಲ್ಲ. ಅದರ ಅವಧಿ ಮುಗಿದಿತ್ತು. ಕಳೆದ ಆಷಾಢದಲ್ಲಿ ಇಂಟರ್ನೆಟ್ಟಿನ ಸುದ್ದಿ ವಾಹಿನಿಯೊಂದು ನನ್ನನ್ನು ವಾಟ್ಸಾಪಿನಲ್ಲಿ ಸಂಪರ್ಕಿಸಿ, ನನ್ನ ಅನುಭವವನ್ನು ಬಹಳ ಹೊಗಳಿ, ತಾಳವಾಡಿ ಬೆಟ್ಟಗಳ ಮುಖ್ಯ ವರದಿಗಾರನನ್ನಾಗಿ ನೇಮಿಸಿತ್ತು. ಕಾರ್ಡು, ವಾಹಿನಿಯ ಹೆಸರಿರುವ ಮೈಕು, ಎದೆಯ ಮೇಲೆ ಲಾಂಛನವಿರುವ ಜಾಕೆಟ್ಟು ಇವಿಷ್ಟನ್ನು ಅವರಿಂದಲೇ ತರಿಸಿಕೊಳ್ಳಬೇಕಿತ್ತು. ತರಿಸಿಕೊಂಡಿದ್ದೆ.

ಪೊಲೀಸರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದುಕ್ಕು ಎವ್ವಳವು ಕುಡುತ್ತೀಂಗ ಸಾರ್?” ಎಂದು ಕೇಳಿದರು. ಇದಕ್ಕೆ ಎಷ್ಟು ಕೊಟ್ಟಿರಿ ಎಂದು. ಅದು ಬೆಲೆಯಲ್ಲ, ಠೇವಣಿ, ಗೌರವಧನ ಶುರುವಾದ ಮೇಲೆ ವಾಪಸು ಬರುತ್ತದೆ ಎಂದು ವಿವರಿಸಿದೆ. ಶುರುವಾಗಿದೆಯೇ ಎಂದರು. ಮಂಜುಳಾ ತಲೆಯೆತ್ತಿ ಫ್ಯಾನ್ ನೋಡತೊಡಗಿದಳು. ಅವರು ಮೇಜಿನ ಡ್ರಾಯರಿನಿಂದ ಇನ್ನೊಂದು ಬಿಳಿ ಹಾಳೆ ತೆಗೆದು, ಪೆನ್ನಿನ ಜೊತೆ ನನ್ನ ಕಡೆ ಸರಿಸಿದರು.

ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಯಲ್ಲಿ ಎರಡು ದೂರುಗಳಿಗೆ ರಸೀದಿ ಕೊಡಲಾಯಿತು. ಹೊಲಿಗೆ ಯಂತ್ರಗಳೆರಡೂ ಮಂಜುಳಾಳ ಮುಂದಿನ ಕೋಣೆಯಲ್ಲಿವೆ. ಬೆಟ್ಟದಲ್ಲಿ ಚಳಿ ಜಾಸ್ತಿಯಾಗಿರುವುದರಿಂದ, ಎದೆಯ ಮೇಲಿನ ಲಾಂಛನ ಬಿಚ್ಚಿ, ಕೈಗಿಂತ ಉದ್ದವಿರುವ ತೋಳು ಮೋಟು ಮಾಡಿಕೊಡಲು ಆ ಜಾಕೆಟ್ಟನ್ನು ನಿನ್ನೆ ಅವಳಿಗೆ ಕೊಟ್ಟು ಬಂದೆ. ಹೊಲಿಗೆಯ ಕೂಲಿಯನ್ನು ಅವಳು ಮೊದಲೇ ಕೇಳಿದಳು. ಕೊಟ್ಟಿದ್ದೇನೆ.